ಗೋಡೆಗೆ ಮುಖ ಮಾಡಿದ ತೂಕದ ಯಂತ್ರ

ಭಾನುವಾರ, ಬೆಳಗಿನ ಐದೂಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಅದರಡಿಯಿಂದ ರಸ್ತೆಗೆ ಚೆಲ್ಲಿದ ಬೆಳಕಿನಲ್ಲಿ ಒಂದು ಚಕ್ರದ ನೆರಳು ನಿಧಾನಕ್ಕೆ ತಿರುಗುತ್ತಿದೆ. ಒಳಗೆ, ಕಬ್ಬಿಣದ ಕವಲಿಗೆ ಸಿಕ್ಕಿಸಿದ ಸೈಕಲ್ ಚಕ್ರಕ್ಕೆ ಕಿವಿಗೊಟ್ಟು ಐವತ್ತೆರಡರ ಹೆಂಗಸೊಬ್ಬರು ನಿಂತಿದ್ದಾರೆ. ತೋರುಬೆರಳಿನಿಂದ ಒಂದು ಕಡ್ಡಿ ಮೀಟುತ್ತಾರೆ. ಟಿಣ್. ಪಕ್ಕದ್ದು. ಟಿಣ್. ಅದರಾಚೆಯದು ಕೊಂಚ ಮಂಕು. ಪುಟ್ಟ ಕೀಲಿ ಹಾಕಿ, ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟು ಮಾತ್ರ ತಿರುಗಿಸಿ ಮತ್ತೆ ಮೀಟುತ್ತಾರೆ. ಟಿಣ್.

"ಇದೊಂದು ಮುನಿಸ್ಕೊಂಡು ಕೂತಿತ್ತು," ಎನ್ನುತ್ತಾರೆ, ಮಗುವಿನ ಬಗ್ಗೆ ಹೇಳುವಂತೆ.

ಬೀದಿಗೆಲ್ಲ ಇವರು 'ಚಕ್ರದಕ್ಕ'. ಮೈಕಟ್ಟು ತಾವೇ ಹೆಣೆಯುವ ಕಡ್ಡಿಯಂಥದ್ದು. ಆದರೆ ಇವರು ಚಕ್ರ ಕಟ್ಟುವುದು ನೂರು ಕಿಲೋ ದಾಟಿದವರಿಗೆ. ರೇಸಿನ ಮಾದರಿಯ ಸೈಕಲ್ ಏರಿ ರಸ್ತೆ ಉದ್ದಕ್ಕೂ ಸಾಗಬೇಕೆಂಬ ಆಸೆಯಿದ್ದೂ, ಅಂಗಡಿಯ ಸಿದ್ಧ ಚಕ್ರ ತಮ್ಮನ್ನು ಹೊರಲಾರದೆಂದು ಕೈಚೆಲ್ಲಿದವರಿಗೆ. ಹಗುರವಾಗಿರಲೆಂದು ಆ ಚಕ್ರಗಳಿಗೆ ಇಪ್ಪತ್ತೋ ಇಪ್ಪತ್ತನಾಲ್ಕೋ ಕಡ್ಡಿ ಹಾಕಿರುತ್ತಾರೆ. ಚಕ್ರದಕ್ಕ ಹಿಂದಿನ ಚಕ್ರಕ್ಕೆ ಮೂವತ್ತಾರು ಹಾಕುತ್ತಾರೆ: ಬಲಬದಿಗೆ ಹದಿನೆಂಟು, ಅವಕ್ಕೆಲ್ಲ ಒಂದೇ ಸ್ವರ, ಎಡಬದಿಗೆ ಹದಿನೆಂಟು, ಅವಕ್ಕೆ ಇನ್ನೊಂದೇ ಸ್ವರ. ಹದಿನೆಂಟರಲ್ಲಿ ಒಂದು ಅಪಸ್ವರ ನುಡಿದರೂ ಆ ಚಕ್ರ ಅಂಗಡಿಯ ಹೊಸ್ತಿಲು ದಾಟುವುದಿಲ್ಲ.

"ಬಿಗಿಯಾಗಿರೋ ಕಡ್ಡಿ ಮುರಿಯುತ್ತೆ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ಮುರಿಯೋದು ಸಡಿಲ ಆಗಿರೋದು. ಒಂದು ಸಡಿಲ ಆದ್ರೆ ಅದರ ಪಾಲಿನ ಭಾರ ಪಕ್ಕದ್ದರ ಮೇಲೆ. ಮನೇಲೂ ಹಂಗೇ ಅಲ್ವಾ?"

ಬಾಗಿಲ ಪಕ್ಕದ ಮರದ ಕುರ್ಚಿಯಿಂದ ಒಂದು ದನಿ: "ಕಡ್ಡಿ ಗೊಣಗಿದ್ರೆ ನಿನ್ನ ಕಿವಿಗೆ ಬೀಳುತ್ತೆ. ನನ್ನ ಮಗ ಮೂರು ದಿನದಿಂದ ತಲೆನೋವು ಅಂತಿದ್ದಾನೆ, ಅದು ಮಾತ್ರ ಕೇಳಿಸಲ್ಲ."

ಇದು ಅತ್ತೆ. ಎಪ್ಪತ್ತೆರಡು ವಯಸ್ಸು, ತುಂಬಿದ ಮೈ, ಅದಕ್ಕಿಂತ ತುಂಬಿದ ಬಾಯಿ. ಅಂಗಡಿಯ ಷಟರ್ ಏಳುವ ಮೊದಲೇ ಈ ಕುರ್ಚಿ ಹಿಡಿಯುತ್ತಾರೆ. ಬಂದವರನ್ನು ಕೂರಿಸುವವರು, ಮಾತಾಡಿಸುವವರು, ಸೊಸೆಯ ಕಾಲೆಳೆಯುವವರು ಎಲ್ಲ ಇವರೇ.

ಚಕ್ರದಕ್ಕ ಹತ್ತೊಂಬತ್ತು ವರ್ಷ ಸೈಕಲ್ ಕಾರ್ಖಾನೆಯೊಂದರಲ್ಲಿ ಚಕ್ರ ಹೆಣೆಯುವ ಸಾಲಿನಲ್ಲಿ ಕೂತವರು. ಪಾಳಿಗೆ ತೊಂಬತ್ತು ಚಕ್ರ. ಊಟದ ಬಿಡುವಿನಲ್ಲೂ ಬೆರಳು ತಾನಾಗಿ ಗಾಳಿಯಲ್ಲಿ ಕಡ್ಡಿ ಪೋಣಿಸುತ್ತಿತ್ತಂತೆ. ಒಂದು ದಿನ ಆ ಕೆಲಸಕ್ಕೆ ಯಂತ್ರ ಬಂತು. ಸಾಲಿನ ನಲವತ್ತು ಹೆಂಗಸರು ಮನೆಗೆ ಬಂದರು. "ಕೈ ಖಾಲಿ ಆಯ್ತು. ಕಿವಿ ಖಾಲಿ ಆಗಲಿಲ್ಲ," ಎನ್ನುತ್ತಾರೆ. ಆರು ತಿಂಗಳು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬೆರಳಲ್ಲಿ ಮೀಟಿ ನೋಡುತ್ತಿದ್ದ ಸೊಸೆಯನ್ನು ಕಂಡು, "ಇವಳಿಗೊಂದು ಅಂಗಡಿ ಹಾಕಿಕೊಡೋ, ಇಲ್ದಿದ್ರೆ ನನ್ನ ತಲೇನೂ ಮೀಟ್ತಾಳೆ," ಎಂದು ಮಗನಿಗೆ ಹೇಳಿದ್ದು ಅತ್ತೆಯೇ.

ಅಂಗಡಿಗೆ ಈಗ ಹನ್ನೊಂದು ವರ್ಷ. ಒಂದು ಚಕ್ರಕ್ಕೆ ಮೂರು ಗಂಟೆ; ದಿನಕ್ಕೆ ಎರಡಕ್ಕಿಂತ ಹೆಚ್ಚು ಕಟ್ಟುವುದಿಲ್ಲ. ಮೂರನೆಯದರ ಹೊತ್ತಿಗೆ ಕಿವಿ ಸುಳ್ಳು ಹೇಳತೊಡಗುತ್ತದಂತೆ. ಇದುವರೆಗೆ ಕಟ್ಟಿದ್ದು ಸಾವಿರದ ನಾನೂರ ಹನ್ನೆರಡು. ಮುರಿದು ವಾಪಸು ಬಂದದ್ದು ಒಂಬತ್ತು. ಆ ಒಂಬತ್ತರ ಮುರಿದ ಕಡ್ಡಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದಾರೆ. ಕೇಳಿದರೆ ಮುಚ್ಚಳ ತೆಗೆದು ತೋರಿಸುತ್ತಾರೆ. ಎಲ್ಲಕ್ಕಿಂತ ಮೇಲಿರುವ ಮೂರು ಕಡ್ಡಿಗಳನ್ನು ಮಾತ್ರ ನೂಲಿನಲ್ಲಿ ಕಟ್ಟಿದೆ. ಈ ಭಾನುವಾರದ ಗಡಿಬಿಡಿಯೆಲ್ಲ ಆ ಮೂರು ಕಡ್ಡಿಗಳದ್ದು.

ಅವು ಪಕ್ಕದ ಬೀದಿಯ ಗಡಿಯಾರ ರಿಪೇರಿಯವರ ಚಕ್ರದವು. ಎಲ್ಲರ ಬಾಯಲ್ಲೂ ಅವರು 'ಗಡಿಯಾರದಣ್ಣ'. ದಿನಕ್ಕೆ ಹತ್ತು ಗಂಟೆ ಸ್ಟೂಲಿನ ಮೇಲೆ ಕೂತು ಸಾಸಿವೆಯಷ್ಟು ತಿರುಪು ಬಿಗಿಯುವ ನಲವತ್ತಾರರ ಈ ಭಾರೀ ಆಳು, ನಾಲ್ಕು ವರ್ಷದ ಹಿಂದೆ ಸೈಕಲ್ ಹತ್ತಿದರು. ಮೊದಲು ಸೇತುವೆಯವರೆಗೆ, ಆಮೇಲೆ ಕೆರೆ ಸುತ್ತ, ಆಮೇಲೆ ಊರಾಚೆ. ಊರಿನ ಸೈಕಲ್ ಸಂಘ ವರ್ಷಕ್ಕೊಮ್ಮೆ ನೂರಿಪ್ಪತ್ತು ಕಿಲೋಮೀಟರ್ ಸವಾರಿ ಇಡುತ್ತದೆ: ಬೆಳಿಗ್ಗೆ ಆರಕ್ಕೆ ಸೇತುವೆಯಿಂದ ಹೊರಟು, ಗುಡ್ಡ ಹತ್ತಿಳಿದು, ಮಧ್ಯಾಹ್ನ ಎರಡರೊಳಗೆ ಅಲ್ಲಿಗೇ ಬಂದು ಮುಟ್ಟಬೇಕು. ಹೋದ ವರ್ಷ ಆ ಸವಾರಿಗೆಂದು ಚಕ್ರ ಕಟ್ಟಿಸಲು ಅವರು ಬಂದಾಗ ಅಂಗಡಿಯಲ್ಲಿ ನಾಲ್ಕು ಜನರಿದ್ದರು. ಚಕ್ರದಕ್ಕ ಕೈಯಲ್ಲಿ ಪೆನ್ಸಿಲ್ ಹಿಡಿದು, ತಲೆಯೆತ್ತದೆ ಕೇಳಿದರು: "ತೂಕ ಎಷ್ಟಣ್ಣ?"

ಗಡಿಯಾರದಣ್ಣ ಸುತ್ತ ಒಮ್ಮೆ ನೋಡಿದರು. "ಒಂದು... ನೂರಾ ಹತ್ತು ಅಂತಿಟ್ಕೊಳಿ."

ಇಟ್ಟುಕೊಂಡರು. ಚಕ್ರದ ರಿಮ್ಮಿನ ಒಳಬದಿಯಲ್ಲಿ, ಟ್ಯೂಬಿನ ಕೆಳಗೆ, ಒಂದು ಬಟ್ಟೆಯ ಪಟ್ಟಿ ಸುತ್ತಿರುತ್ತದೆ. ಆ ಪಟ್ಟಿ ಅಂಟಿಸುವ ಮೊದಲು ಸವಾರರ ತೂಕವನ್ನು ಪೆನ್ಸಿಲಿನಲ್ಲಿ ರಿಮ್ಮಿನ ಮೇಲೆ ಬರೆಯುವುದು ಚಕ್ರದಕ್ಕನ ಪದ್ಧತಿ. ಯಾರ ಕಣ್ಣಿಗೂ ಬೀಳದು. ಚಕ್ರಕ್ಕೆ ಗೊತ್ತಿದ್ದರೆ ಸಾಕು. ಅಲ್ಲಿ '೧೧೦' ಎಂದು ಬರೆದು, ಅದಕ್ಕೆ ತಕ್ಕಂತೆ ಮೂವತ್ತೆರಡು ಸಪೂರ ಕಡ್ಡಿ ಹೆಣೆದರು.

ಎಪ್ಪತ್ತೊಂದನೆಯ ಕಿಲೋಮೀಟರಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಹಿಂದಿನ ಚಕ್ರದ ಮೂರು ಕಡ್ಡಿ ಒಂದರ ಹಿಂದೊಂದು ಹಾರಿದವು. ಚಕ್ರ ಎಂಟರ ಆಕಾರಕ್ಕೆ ತಿರುಚಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊಣಕೈ ತರಚಿಸಿಕೊಂಡು ಸಂಘದ ವ್ಯಾನಿನಲ್ಲಿ ವಾಪಸಾಗುವಾಗ, ಮುಂದಿನ ಸೀಟಿನಲ್ಲಿ ಯಾರೋ ಮೆಲ್ಲಗೆ ಅಂದರಂತೆ: "ಪಾಪ, ಸೈಕಲ್ ತಾನೇ ಏನು ಮಾಡುತ್ತೆ." ಆ 'ಪಾಪ' ಸೈಕಲ್ಲಿಗೆ ಸಂದದ್ದು, ತಮಗಲ್ಲ ಎಂಬುದು ಗಡಿಯಾರದಣ್ಣನಿಗೆ ಮೊಣಕೈಗಿಂತ ಹೆಚ್ಚು ಉರಿಯಿತು.

ನಲವತ್ತು ದಿನ ಅವರು ಈ ಬೀದಿಗೆ ಕಾಲಿಡಲಿಲ್ಲ. ಒಂದು ಮುಂಜಾನೆ ಷಟರ್ ಎತ್ತಿದರೆ, ಹೊಸ್ತಿಲಿಗೆ ಒರಗಿ ಆ ಚಕ್ರ ನಿಂತಿತ್ತು. ಚೀಟಿಯಿಲ್ಲ, ಮಾತಿಲ್ಲ. ಚಕ್ರದಕ್ಕ ಪಟ್ಟಿ ಬಿಚ್ಚಿದರು. '೧೧೦' ಇನ್ನೂ ಅಳಿಸಿರಲಿಲ್ಲ. ಮುರಿದ ಕಡ್ಡಿಗಳ ತುದಿ ನೋಡಿದ ಕೂಡಲೇ ಹತ್ತೊಂಬತ್ತು ವರ್ಷದ ಕಣ್ಣಿಗೆ ಲೆಕ್ಕ ತಿಳಿಯಿತು. ಇವು ಹೊತ್ತದ್ದು ನೂರಾ ಹತ್ತಲ್ಲ.

ಗಡಿಯಾರದಣ್ಣನ ಮೇಲೆ ಕೋಪ ಬಂತಾ ಎಂದು ಕೇಳಿದರೆ:

"ಬಂತು. ಚಹಾ ಕುಡಿಯೋ ತನಕ ಇತ್ತು," ಎನ್ನುತ್ತಾರೆ. ಕೀಲಿಯನ್ನು ಸೆರಗಿಗೆ ಒರೆಸುತ್ತಾರೆ. "ಆಮೇಲೆ ಯೋಚನೆ ಮಾಡಿದೆ. ನಾಲ್ಕು ಜನರ ಮುಂದೆ ಕೇಳಿದ್ದು ಯಾರು? ನಾನು. ನನ್ನ ವಯಸ್ಸು ಹಂಗೆ ಕೇಳಿದ್ರೆ ನಾನೂ ಐದು ಕಡಿಮೆ ಹೇಳ್ತೀನಿ. ಸುಳ್ಳು ಅವರದ್ದು, ಹೇಳಿಸಿದ್ದು ನಾನು."

ಅದೇ ವಾರ ಹಳೆ ಗೋದಾಮಿನಿಂದ, ಮೂಟೆ ತೂಗುವ ದೊಡ್ಡ ಯಂತ್ರವೊಂದು ಅಂಗಡಿಗೆ ಬಂತು. ಅದರ ದುಂಡು ಮುಖ ಬೀದಿಗೆ ಕಾಣದಂತೆ ಗೋಡೆಯ ಕಡೆಗೆ ತಿರುಗಿಸಿ, ನಡುವೆ ಒಂದು ಮೊಳ ಸಂದಿ ಬಿಟ್ಟರು. ಆ ಸಂದಿಯಲ್ಲಿ ನುಸುಳಿ ಮುಳ್ಳು ನೋಡಲು ಅಂಗಡಿಯಲ್ಲಿ ಒಬ್ಬರಿಗೆ ಮಾತ್ರ ಸಾಧ್ಯ. ಬಂದವರನ್ನು ಈಗ ಯಾರೂ ತೂಕ ಕೇಳುವುದಿಲ್ಲ. "ಸೈಕಲ್ ಹಿಡ್ಕೊಂಡೇ ಹತ್ತಿ. ಚೀಲ ಇರಲಿ, ನೀರಿನ ಬಾಟ್ಲಿ ಇರಲಿ. ನಾನು ತೂಗೋದು ಸವಾರೀನ, ನಿಮ್ಮನ್ನಲ್ಲ." ಸಂದಿಯೊಳಗಿಂದ ಬರುವಾಗ ಚಕ್ರದಕ್ಕನ ಮುಖ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರುತ್ತದೆ, ಯಾರಿಗೂ ಏನೂ ತಿಳಿಯದು. ಹುಬ್ಬು ಏರಿಸಬಾರದೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಾರೆಂದು ಅತ್ತೆ ಚಾಡಿ ಹೇಳುತ್ತಾರೆ.

ಯಂತ್ರ ಬಂದ ಮೇಲೆ ಚಕ್ರದಕ್ಕ ತಾವೇ ಗಡಿಯಾರದ ಅಂಗಡಿಗೆ ಹೋದರು. ಚೆನ್ನಾಗಿಯೇ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು.

"ಏನಾಗಿದೆ ಇದಕ್ಕೆ?" ಎಂದು ಕೇಳಿದರಂತೆ ಅವರು, ಮುಖ ನೋಡದೆ.

"ಏನೂ ಆಗಿಲ್ಲ. ನಿಮ್ಮ ಸೈಕಲ್ ಜೊತೆ ಅಂಗಡಿಗೆ ಬನ್ನಿ ಅಂತ ಹೇಳೋಕೆ ಒಂದು ನೆಪ ಬೇಕಿತ್ತು."

ಬಂದರು. ಸೈಕಲ್, ಚೀಲ ಸಮೇತ ಹತ್ತಿದರು. ನೂರೈವತ್ತೊಂದು. ಸೈಕಲ್ಲಿನ ಹನ್ನೊಂದು, ಚೀಲದ ಮೂರು ಕಳೆದರೆ ಉಳಿದದ್ದನ್ನು ಚಕ್ರದಕ್ಕ ಬಾಯಿಬಿಟ್ಟು ಹೇಳಲಿಲ್ಲ. ಚಕ್ರದ ನಡುವಿಗೆ ಮೂವತ್ತಾರು ತೂತಿನ ಹೊಸ ಹಬ್, ಅಗಲದ ರಿಮ್, ದಪ್ಪ ಕಡ್ಡಿ ತರಿಸಿದರು. "ಈ ಸಲಾನೂ ವ್ಯಾನಲ್ಲಿ ಬಂದ್ರೆ ಸೈಕಲ್ ಯಾರಿಗಾದ್ರೂ ಕೊಟ್ಟುಬಿಡ್ತೀನಿ ಅಕ್ಕ," ಎಂದರು ಗಡಿಯಾರದಣ್ಣ. ಈ ಮುಂಜಾನೆ ಕವಲಿನ ಮೇಲೆ ತಿರುಗುತ್ತಿರುವುದು ಆ ಚಕ್ರವೇ.

ಐದೂ ಮುಕ್ಕಾಲಿಗೆ ಅವರು ಬರುತ್ತಾರೆ. ಚಕ್ರ ಸೈಕಲ್ಲಿಗೆ ಕೂರುತ್ತದೆ. ಅತ್ತೆ ಕುರ್ಚಿಯಿಂದಲೇ ಹರಸುತ್ತಾರೆ: "ಹೋಗಿ ಬಾಪ್ಪ. ಇಳಿಜಾರಲ್ಲಿ ಹೀರೋ ಆಗೋಕೆ ಹೋಗ್ಬೇಡ." ಗಡಿಯಾರದಣ್ಣ ನಗುತ್ತಾರೆ, ಆದರೆ ಹ್ಯಾಂಡಲಿನ ಮೇಲಿನ ಬೆರಳು ಬಿಳಿಚಿದೆ. ಬೀದಿಯ ತಿರುವಿನಲ್ಲಿ ಅವರ ಅಗಲ ಬೆನ್ನು ಮರೆಯಾಗುವ ತನಕ ಚಕ್ರದಕ್ಕ ನೋಡುವುದು ಬೆನ್ನನ್ನಲ್ಲ, ಅದರ ಕೆಳಗೆ ತಿರುಗುವ ಆ ಬೆಳ್ಳಿಯ ವೃತ್ತವನ್ನು.

ಆಮೇಲೆ ಕಾಯುವುದು. ಬೇರೆಯವರ ಚಕ್ರವೊಂದನ್ನು ಕವಲಿಗೆ ಏರಿಸುತ್ತಾರೆ. ಹತ್ತು ಗಂಟೆಯಾದರೂ ಬೆಂಡ್ ಹೋಗುವುದಿಲ್ಲ. ಹತ್ತೂವರೆಗೆ, "ಈಗ ಎಪ್ಪತ್ತೊಂದು ದಾಟಿರ್ಬೇಕು," ಎನ್ನುತ್ತಾರೆ ಗೋಡೆಗೆ. ಹನ್ನೊಂದೂವರೆಗೆ ಅದನ್ನೇ ಇನ್ನೊಮ್ಮೆ. ಅತ್ತೆ ಈ ಬಾರಿ ಕಾಲೆಳೆಯುವುದಿಲ್ಲ. ಚಹಾ ತಾವೇ ಮಾಡಿ ತರುತ್ತಾರೆ.

ಬಾಗಿಲ ಮೇಲಿನ ಕೊಕ್ಕೆಯಲ್ಲಿ ಒಂದು ಜೊತೆ ಚಕ್ರ ಎರಡು ವರ್ಷದಿಂದ ತೂಗುತ್ತಿದೆ. ಧೂಳು ಕೂತಿಲ್ಲ, ವಾರಕ್ಕೊಮ್ಮೆ ಒರೆಸುತ್ತಾರೆ. ಯಾರದೆಂದು ಕೇಳಿದರೆ, "ಬರ್ತಾರೆ," ಎನ್ನುತ್ತಾರೆ, ಅಷ್ಟೇ. ಅತ್ತೆ ಪಾತ್ರೆ ತೊಳೆಯಲು ಒಳಗೆ ಹೋದಾಗ ಮಾತ್ರ ದನಿ ತಗ್ಗಿಸುತ್ತಾರೆ: "ಅತ್ತೇದು. ಮದುವೆಯಾದ ಹೊಸದರಲ್ಲಿ ಮಾವನ ಸೈಕಲ್ ತುಳ್ಕೊಂಡು ಕೆಲಸಕ್ಕೆ ಹೋಗೋರಂತೆ. ಒಂದಿನ ನಡುಬೀದೀಲಿ ಹಿಂದಿನ ಚಕ್ರ ಕೂತುಬಿಡ್ತು. ಬೀದಿಗೆ ಬೀದಿಯೇ ನಕ್ಕಿತಂತೆ. ಅವತ್ತಿಂದ ಮುಟ್ಟಿಲ್ಲ. ನಾನು ಈ ಕೆಲಸ ಯಾಕೆ ಮಾಡ್ತೀನಿ ಅಂತ ಎಲ್ಲರೂ ಕೇಳ್ತಾರೆ. ಅತ್ತೆ ಒಬ್ಬರು ಕೇಳಿಲ್ಲ." ರಿಮ್ಮಿನ ಒಳಗೆ ಏನೂ ಬರೆದಿಲ್ಲ. ಕಡ್ಡಿಗಳನ್ನು ಸುಮ್ಮನೆ ಪೋಣಿಸಿಟ್ಟಿದ್ದಾರೆ. ತೂಕ ಗೊತ್ತಿಲ್ಲದೆ ಬಿಗಿಯುವುದು ಹೇಗೆ?

ಎರಡು ಹೊಡೆಯುತ್ತದೆ. ಎರಡೂಕಾಲು. ಚಕ್ರದಕ್ಕ ಷಟರಿನ ಕಂಬ ಹಿಡಿದು ನಿಂತಿದ್ದಾರೆ. ಎರಡೂ ಇಪ್ಪತ್ತಕ್ಕೆ ತಿರುವಿನಲ್ಲಿ ಆ ಅಗಲ ಹೆಗಲು ಕಾಣುತ್ತದೆ. ಸೈಕಲ್ ಮೇಲೆ. ವ್ಯಾನಿನಲ್ಲಲ್ಲ.

ಅವರು ಇಳಿಯುವ ಮೊದಲೇ ಚಕ್ರದಕ್ಕ ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತು ಹಿಂದಿನ ಚಕ್ರಕ್ಕೆ ಕಣ್ಣು ಹಚ್ಚಿದ್ದಾರೆ.

"ನನ್ನನ್ನೂ ಸ್ವಲ್ಪ ನೋಡಿ ಅಕ್ಕ. ಬದುಕಿದ್ದೀನಿ."

"ತಡೀರಿ, ನಿಮ್ಮ ಸರದಿ ಆಮೇಲೆ. ಎಷ್ಟಕ್ಕೆ ಮುಟ್ಟಿದ್ರಿ?"

"ಒಂದೂ ಐವತ್ತೆರಡು. ಎಂಟು ನಿಮಿಷ ಮುಂಚೆ. ನಮ್ಮ ಕಸುಬಲ್ಲಿ ಎಂಟು ನಿಮಿಷ ಮುಂದೆ ಓಡಿದ್ರೆ ರಿಪೇರಿಗೆ ತರ್ತಾರೆ."

ಚಕ್ರ ಕವಲಿಗೇರುತ್ತದೆ. ತಿರುಗಿಸುತ್ತಾರೆ. ರಿಮ್ ಮತ್ತು ಕವಲಿನ ಅಳತೆಯ ಮೊಳೆಯ ನಡುವಿನ ಕೂದಲೆಳೆಯ ಬೆಳಕು ಒಂದು ಸುತ್ತು ಪೂರ್ತಿ ಹಾಗೆಯೇ ನಿಲ್ಲುತ್ತದೆ. ಮೀಟುತ್ತಾರೆ, ಬಲಕ್ಕೆ ಹದಿನೆಂಟು, ಎಡಕ್ಕೆ ಹದಿನೆಂಟು. ಒಂದೂ ಮುನಿಸಿಕೊಂಡಿಲ್ಲ. ಆಗ ಚಕ್ರದಕ್ಕ ತಲೆಯೆತ್ತಿ ನೋಡುತ್ತಾರೆ. ಇಬ್ಬರ ಕಣ್ಣೂ ಒದ್ದೆ. ಇಬ್ಬರೂ ಧೂಳಿನ ಮೇಲೆ ತಪ್ಪು ಹೊರಿಸುತ್ತಾರೆ.

"ಒಳಗೆ ಏನು ಬರೆದಿದ್ದೀರಿ ಅಕ್ಕ?"

"ಅದು ಚಕ್ರಕ್ಕೂ ನನಗೂ ಮಧ್ಯದ ಮಾತು."

ಗಡಿಯಾರದಣ್ಣ ಮೇಜಿನ ಮೇಲಿದ್ದ ಕಪ್ಪು ಮಾರ್ಕರ್ ಎತ್ತಿಕೊಳ್ಳುತ್ತಾರೆ. ಮುಚ್ಚಳ ತೆಗೆದು ಚಕ್ರದ ಮುಂದೆ ಬಗ್ಗುತ್ತಾರೆ. ರಿಮ್ಮಿನ ಹೊರಬದಿಯಲ್ಲಿ, ಬೀದಿಗೆ ಕಾಣುವ ಹಾಗೆ ಬರೆಯುತ್ತಾರೆ: ೧೩೭. ಬರೆದು, ಬಾಯಿಬಿಟ್ಟು ಓದುತ್ತಾರೆ ಕೂಡ. "ನೂರಾ ಮೂವತ್ತೇಳು. ನೂರಿಪ್ಪತ್ತು ಕಿಲೋಮೀಟರ್."

ಚಕ್ರದಕ್ಕ ಕತ್ತು ಓರೆ ಮಾಡಿ ಪರೀಕ್ಷಿಸುತ್ತಾರೆ. "ಚಕ್ರ ನೆಟ್ಟಗಿದೆ. ನಿಮ್ಮ ಅಕ್ಷರ ಮಾತ್ರ ಬೆಂಡಾಗಿದೆ."

ಅವರು ಹೋದ ಮೇಲೆ ಅಂಗಡಿ ತಣ್ಣಗಾಗುತ್ತದೆ. ಮುಂದೇನು ಆಸೆ ಎಂದು ಕೇಳಿದರೆ ಚಕ್ರದಕ್ಕ ದೊಡ್ಡ ಅಂಗಡಿಯ ಮಾತಾಡುವುದಿಲ್ಲ. ಕೊಕ್ಕೆಯ ಕಡೆ ಗಲ್ಲ ಎತ್ತುತ್ತಾರೆ. "ಅದೊಂದು ಜೊತೆ ಕೆಳಗಿಳಿದ್ರೆ ಸಾಕು."

ಮರದ ಕುರ್ಚಿ ಕಿರುಗುಟ್ಟುತ್ತದೆ. ಅತ್ತೆ ಎದ್ದಿದ್ದಾರೆ. ಸೀರೆಯ ನೆರಿಗೆ ಸರಿಮಾಡಿಕೊಂಡು, ಬೀದಿಯ ಎರಡೂ ಕಡೆ ಒಮ್ಮೆ ನೋಡಿ, ಯಾರಿಗೋ ಹೇಳುವವರಂತೆ ಕೇಳುತ್ತಾರೆ:

"ಆ ಯಂತ್ರದ ಮುಖ ಗೋಡೆ ಕಡೆ ತಾನೇ ಇದೆ?"

"ಗೋಡೆ ಕಡೇನೇ ಇದೆ ಅತ್ತೆ," ಎನ್ನುತ್ತಾರೆ ಚಕ್ರದಕ್ಕ. ಅಷ್ಟರಲ್ಲಿ ಸೊಸೆ ಆಗಲೇ ಮುಳ್ಳು ನೋಡಲು ಸಂದಿಯೊಳಗೆ ನುಸುಳಿ ನಿಂತಿದ್ದಾರೆ.