ಎಡಗೈಯಲ್ಲಿ ಉಂಡ ಮಾವ

ಮುಚ್ಚಿಟ್ಟ ಪಾಪ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆಂದು ಹಿರಿಯರು ಹೇಳುತ್ತಾರೆ. ನಾನು ಕಂಡಂತೆ ಬಹಳ ಜನ ಅದನ್ನು ಮುಚ್ಚಿಟ್ಟುಕೊಂಡೇ ಎರಡು ಹೊತ್ತು ಮುದ್ದೆ ಉಂಡು, ಮೊಮ್ಮಕ್ಕಳನ್ನು ಕಂಡು, ನೆಮ್ಮದಿಯಾಗಿ ಸತ್ತಿದ್ದಾರೆ. ಪಕ್ಕದ ಮನೆಯ ಮಾವನಿಗೆ ಮಾತ್ರ ಆ ಜಾಣತನ ಒಲಿಯಲಿಲ್ಲ. ಅವರ ಬಲಗೈ ಮಣಿಕಟ್ಟಿನವರೆಗೆ ಒಣಗಿದ ಕೆರೆಯಂಗಳದಂತೆ ಬಿರಿದಿತ್ತು. ಬೂದಿ ಹಾಕಿ, ತೆಂಗಿನ ನಾರಿನಲ್ಲಿ ದಿನಕ್ಕೆ ಐದಾರು ಸಲ ಉಜ್ಜುತ್ತಿದ್ದರು. ರಕ್ತ ಜಿನುಗಿದರೆ ಅದನ್ನೂ ತೊಳೆಯುತ್ತಿದ್ದರು. ಉಣ್ಣುವುದು ಎಡಗೈಯಲ್ಲಿ.

ಎಡಗೈಯಲ್ಲಿ ಉಣ್ಣುವವನನ್ನು ಯಾವ ಊರೂ ಸುಮ್ಮನೆ ಬಿಡದು. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ಗಾಡಿದಾರಿಯಲ್ಲಿದ್ದ ನಮ್ಮೂರೂ ಬಿಡಲಿಲ್ಲ. ಊರ ಪಂಡಿತರಲ್ಲಿ ಕೆಲವರು ಮಾಟ ಎಂದರು, ಕೆಲವರು ಪಾರ್ಶ್ವವಾಯು ಎಂದರು. ಅದೇ ಬಲಗೈಯಲ್ಲಿ ನೇಗಿಲು ಒತ್ತುವುದನ್ನು ಕಂಡ ಮೇಲೆ ಎಲ್ಲರೂ ಸೇರಿ ಕೊಬ್ಬು ಎಂದು ತೀರ್ಪು ಕೊಟ್ಟರು. ಮದುವೆಯ ಪಂಕ್ತಿಗಳಲ್ಲಿ ಅವರಿಗೆ ಎಲೆ ಹಾಕುವುದು ನಿಂತಿತು.

ಅವರಿಗೂ ನಮಗೂ ನಡುವೆ ಒಂದು ಮಣ್ಣಿನ ಗೋಡೆ. ನೆಂಟಸ್ತಿಕೆ ಇರಲಿಲ್ಲ, ಕರೆಯುವುದು ಮಾವ ಎಂದು. ನಾನು ಹುಣಸೂರಿನ ಶಾಲೆಯಲ್ಲಿ ಉಪಾಧ್ಯಾಯನಾದ ಮೇಲೆ ಅವರು "ಮೇಷ್ಟ್ರೇ" ಎಂದು ಗೌರವದಿಂದ ಕರೆದು, ಮರುಮಾತಿನಲ್ಲೇ "ನೀನು" ಎನ್ನುತ್ತಿದ್ದರು.

ಕನ್ನಂಬಾಡಿ ಕಟ್ಟೆ ಏಳುತ್ತಿದ್ದ ಕಾಲದಲ್ಲಿ ನಮ್ಮೂರಿಗೆ ಪ್ಲೇಗು ಬಂತು. ಬಂದದ್ದು ಮಾವನ ಮಗಳ ಮದುವೆಯಾದ ವಾರದಲ್ಲಿ. ಮೊದಲು ನನ್ನ ಅವ್ವ. ತಿಪ್ಪೆಗೆ ಸಗಣಿ ಹಾಕಿ ಬಂದವಳು ಚಳಿ ಎಂದು ಮಲಗಿದಳು. ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಅವಳ ಆರೈಕೆ ಮಾಡಿದ ನನ್ನ ಹೆಂಡತಿ ಐದು ದಿನಕ್ಕೆ ಹಿಂದೆಯೇ ಹೋದಳು. ಅವಳು ನಮ್ಮ ಮನೆಗೆ ಬಂದು ಏಳು ತಿಂಗಳಾಗಿತ್ತು. ಆಮೇಲೆ ಮಾವನ ಮಗಳೂ ಗಂಡನ ಮನೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಗಂಡಿನ ಕಡೆಯವರು ಎಡತೊರೆಯವರು; ಅದನ್ನು ಈಗ ಕೃಷ್ಣರಾಜನಗರ ಎನ್ನುತ್ತಾರೆ. ರೋಗವನ್ನು ದಿಬ್ಬಣದ ಗಾಡಿಯಲ್ಲಿ ತಂದವರು ಅವರೇ ಎಂದು ಊರು ತೀರ್ಮಾನಿಸಿ, ಹನ್ನೆರಡು ವರ್ಷ ಆ ಕಡೆಗೆ ಹೆಣ್ಣು ಕೊಡಲಿಲ್ಲ. ಎಡತೊರೆಯ ಹೆಸರು ಕೇಳಿದರೆ ನಾನು ಉಗುಳುತ್ತಿದ್ದೆ. ನಾನು ಉಗುಳಿದಾಗಲೆಲ್ಲ ಮಾವ ಎದ್ದು ಕೈ ತೊಳೆಯಲು ಹೋಗುತ್ತಿದ್ದರು.

ಹನ್ನೆರಡನೆಯ ವರ್ಷ ಆ ಕೈಗೆ ಮದ್ದು ಹಾಕಿಸಲು ಹುಣಸೂರಿನ ಮಿಷನ್ನಿನವರ ಔಷಧಾಲಯಕ್ಕೆ ಹೋದವರು ಅಲ್ಲಿನ ಉಪದೇಶಿಗೆ ಸಿಕ್ಕಿಬಿದ್ದರು. ಕ್ರಿಸ್ತನ ವಿಷಯ ಬೋಧಿಸುವುದರ ಜೊತೆಗೆ ಆತ ಗಾಯಕ್ಕೆ ಪಟ್ಟಿಯನ್ನೂ ಕಟ್ಟುತ್ತಿದ್ದ. ಆರು ತಿಂಗಳಲ್ಲಿ ಮಾವ ಹುಣಸೂರಿನ ಚರ್ಚಿನಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳುತ್ತಾರೆಂದು ಸುದ್ದಿ ಹಬ್ಬಿತು. ಇದ್ದೊಬ್ಬ ಮಗ ಬೇರೆ ಒಲೆ ಹೂಡಿದ. ಎಡಗೈಗೆ ಕೊನೆಗೂ ಒಂದು ಕಾರಣ ಸಿಕ್ಕಿತೆಂದು ಊರು ಸಮಾಧಾನಪಟ್ಟಿತು.

ಸ್ನಾನದ ಹಿಂದಿನ ಬೆಳಿಗ್ಗೆ ಮಾವ ನಮ್ಮ ಜಗಲಿಗೆ ಬಂದರು. ಕೂರಲಿಲ್ಲ.

"ಮೇಷ್ಟ್ರೇ, ಪ್ಲೇಗು ಎಡತೊರೆಯೋರು ತಂದಿದ್ದಲ್ಲ ಕಣಪ್ಪ. ಚಪ್ರ ಆಕಿದ್ ದಿನ ನಮ್ ಕಣಜದ್ ಮಗ್ಗುಲಲ್ಲಿ ಇಲಿ ಸತ್ತು ಬಿದ್ದಿತ್ತು."

ಇಲಿ ಬಿದ್ದರೆ ಪಟೇಲರಿಗೆ ತಿಳಿಸಬೇಕೆಂಬುದು ಆಗಿನ ಕಟ್ಟಪ್ಪಣೆ. ತಿಳಿಸಿದರೆ ಮನೆಯ ಹೆಂಚು ಕೀಳಿಸಿ, ಊರನ್ನೇ ಹೊಲದ ಗುಡಿಸಲುಗಳಿಗೆ ಸಾಗಿಸುತ್ತಾರೆ. ಲಗ್ನ ನಿಲ್ಲುತ್ತದೆ, ಲಗ್ನ ನಿಂತ ಹೆಣ್ಣನ್ನು ಮತ್ತೆ ಯಾರೂ ಕೇಳುವುದಿಲ್ಲ.

"ಬಾಲ ಇಡ್ಕಂಡು ಇತ್ಲ ಗೋಡೆ ಮೇಲಿಂದ ನಿಮ್ ತಿಪ್ಪೆಗೆ ಎಸ್ದೆ" ಎಂದರು. "ಈ ಕೈಲಿ."

ನಾನು, "ಈಗ್ಯಾಕೆ ಹೇಳ್ತಿದ್ದೀರಿ?" ಎಂದೆ.

"ಉಪದೇಸಿ ಅಂದ್ರು, ದೇವ್ರು ಇದ್ನ ಮರ್ತವ್ನೆ, ನೀನೂ ಬುಟ್ಬುಡು ಅಂತ. ದೇವ್ರು ಮರೀಲಿ ಸ್ವಾಮಿ, ಪಕ್ಕದ್ಮನೆಯೋನ್ಗೆ ಗೊತ್ತೇ ಇಲ್ವಲ್ಲ, ಅವ್ನು ಏನ ಮರ್ತಾನು ಅಂದೆ."

ನಾನು ಎದ್ದು ಬಾಗಿಲು ಹಾಕಿಕೊಂಡೆ.

ಮಾರನೆಯ ದಿನ ಸ್ನಾನವಾಯಿತು. ಅಲ್ಲಿ ಪ್ರಸಾದದಂತೆ ಕೊಟ್ಟ ರೊಟ್ಟಿಯ ಚೂರನ್ನು ಅವರು ಬಲಗೈಯಲ್ಲಿ ತೆಗೆದುಕೊಂಡು ತಿಂದರಂತೆ. ಬೂದಿ ನಿಂತಿತು, ನಾರು ನಿಂತಿತು. ಮಳೆಗಾಲ ಕಳೆಯುವುದರೊಳಗೆ ಆ ಕೈ ಎಲ್ಲರ ಕೈಯಂತಾಯಿತು. ಅದನ್ನು ಗೋಡೆಯ ಈಚೆಯಿಂದ ನೋಡಿ ನನಗೆ ಮೈ ಉರಿಯುತ್ತಿತ್ತು. ಅವರ ಹೊರೆ ಇಳಿದಿತ್ತು, ನಿಜ. ಇಳಿಸಿದ ಜಾಗ ನನ್ನ ಜಗಲಿ.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಊರ ಚಾವಡಿಯಲ್ಲಿ ಹೇಳಿದರು. ಎಡತೊರೆಗೆ ನಡೆದುಹೋಗಿ ಬೀಗರ ಮನೆಯ ಅಂಗಳದಲ್ಲಿ ಹೇಳಿ, ಏಟು ತಿಂದು ಬಂದರು. ಮುಂದೆ ಊರಿನಲ್ಲಿ ಎಲ್ಲಿ ಇಲಿ ಸತ್ತರೂ ಪಟೇಲರ ಬಾಗಿಲಿಗೆ ಮೊದಲು ಮಾವನೇ. ಒಂದು ಗೌರಿಹಬ್ಬದ ದಿನ, ಒಲೆಯ ಮೇಲಿನ ಒಬ್ಬಟ್ಟು ಬಿಟ್ಟು ಊರೇ ಗುಡಿಸಲಿಗೆ ಹೊರಡಬೇಕಾಯಿತು.

"ಅದು ಬೆಕ್ಕು ಕಚ್ಚಿದ್ ಇಲಿ ಕಣ ಮುದ್ಕಪ್ಪ, ಕತ್ತು ನೋಡು" ಎಂದು ಹೆಂಗಸರು ಬೈದರು.

"ಕಚ್ಚಿದ್ರೆ ಬೆಕ್ಕಿಗೆ ಒಳ್ಳೇದಾಗ್ಲಿ. ನಡೀರವ್ವ" ಎಂದು ಮಾವ ಅವರ ಪಾತ್ರೆಗಂಟುಗಳನ್ನು ತಾವೇ ಎತ್ತಿಕೊಂಡರು.

ಆ ವರ್ಷ ಸುತ್ತಲ ಹಳ್ಳಿಗಳಲ್ಲಿ ಹೆಣಗಳು ಬಿದ್ದವು, ನಮ್ಮಲ್ಲಿ ಬೀಳಲಿಲ್ಲ. ಊರು ಒಮ್ಮತದಿಂದ ಮಾರಮ್ಮನಿಗೆ ಕೃತಜ್ಞತೆ ಸಲ್ಲಿಸಿತು. ಬದುಕಿ ಉಳಿದವರಲ್ಲಿ ನಾನೂ ಇದ್ದೆನೆಂಬುದು ನನಗೆ ಗೊತ್ತಿತ್ತು. ಆದರೂ ಒಂಬತ್ತು ವರ್ಷ ಅವರೊಡನೆ ಮಾತಾಡಲಿಲ್ಲ.

ಕೊನೆಗೆ ಹುಣಸೂರಿನ ಔಷಧಾಲಯದಲ್ಲಿ ಮಲಗಿದ್ದಾಗ ಹೇಳಿಕಳಿಸಿದರು. ಶಾಲೆ ಬಿಟ್ಟ ಮೇಲೆ ಹೋದೆ. ಅವರ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಮೇಷ್ಟ್ರೇ, ಅದ್ನ ಬುಟ್ಟಾ ನೀನು?"

"ಇಲ್ಲ ಮಾವ. ಆಗಲಿಲ್ಲ."

"ನನ್ ಸಲುವಾಗಿ ಕೇಳ್ಳಿಲ್ಲ ಕಣಪ್ಪ. ನಂದು ಅವತ್ತೇ ಓಗೈತೆ. ನೀನಿನ್ನೂ ಅದ್ರಲ್ಲೇ ಬೇಯ್ತಿದ್ದೀಯಲ್ಲ, ಅದ್ಕೆ ಕೇಳ್ದೆ."

ಬಿಟ್ಟೆ ಎಂದು ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಸಾಯುವವರ ಮುಂದೆ ಅಷ್ಟು ಸುಳ್ಳಿಗೆ ಎಲ್ಲ ಮತಗಳಲ್ಲೂ ರಿಯಾಯಿತಿ ಇದೆ. ಆದರೆ ನನ್ನ ಮನೆಯ ಸಾವಿನ ವಿಷಯದಲ್ಲಿ ನನಗೆ ನಿಜ ಹೇಳಿದ್ದ ಮನುಷ್ಯ ಅವರೊಬ್ಬರೇ.

"ಸರಿ ಬುಡು" ಎಂದರು. "ನಿಧಾನಕ್ಕೆ ಬುಡೀವಂತೆ."

ನೀರು ಕೇಳಿದರು, ಕುಡಿಸಿದೆ. ಮಾರನೆಯ ದಿನ ಮಧ್ಯಾಹ್ನ ತೀರಿಕೊಂಡರು. ಹುಣಸೂರಿನಲ್ಲೇ ಮಣ್ಣು ಮಾಡಿದರು. ಮಗ ಬರಲಿಲ್ಲ. ನಾನು ಹೋಗಿದ್ದೆ.