ಲಿಫ್ಟಿನ ಎದುರು ಖಂಡೆಪೂಜೆ

ಕಾಕಾನ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಸಣ್ಣ ಸಣ್ಣ ಗೀರುಗಳಿದ್ದವು. ಚಾಕು ಯಾವುದೇ ಇರಲಿ, ಅಲಗನ್ನು ಆ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುವುದು ಅವನ ಅಭ್ಯಾಸ. ಕಚ್ಚಿದರೆ ಹರಿತ, ಜಾರಿದರೆ ಮೊಂಡು. ಅಂಗಡಿಯವರ ಮಾತಿಗಿಂತ ಉಗುರನ್ನೇ ಹೆಚ್ಚು ನಂಬುತ್ತಿದ್ದ.

ಅಪ್ಪನ ತಮ್ಮ ಅವನು. ಮದುವೆಯಾಗಲಿಲ್ಲ. ವಿಜಯಪುರದ ಕಡೆಯಿಂದ ಬಂದು ರಬಾಳೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತ, ಡೊಂಬಿವಲಿಯ ಒಂದು ಚಾಳಿನ ಸಾಲುಮನೆಯಲ್ಲಿ ನಮ್ಮ ಜೊತೆಗೇ ಇದ್ದ. ರಜೆ ಸಿಕ್ಕರೆ ಕಲ್ಯಾಣದ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿ ಚಾಕು ತರುತ್ತಿದ್ದ. ಕೊಂಬಿನ ಹಿಡಿಯದು, ಮಡಚುವಂಥದು, ತೊಗಲು ಕೊಯ್ಯುವ ಅಗಲ ಅಲಗಿನದು. ಒಮ್ಮೆ ಮೀನು ಮಾರುವಾಕೆಯ ಹಳೆಯ ಚಾಕು ತಂದಾಗ ಅವ್ವ ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸಿದ್ದಳು; ನಮ್ಮದು ಮೊಟ್ಟೆಯೂ ಸೇರದ ಮನೆ. ಆ ಚಾಕುಗಳಿಂದ ಅವನು ಏನನ್ನೂ ಕೊಯ್ದವನಲ್ಲ. ಭಾನುವಾರ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುವುದು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಡುವುದು, ಅಷ್ಟೇ.

"ಇಷ್ಟು ಚಾಕು ಅದಾವ, ಉಳ್ಳಾಗಡ್ಡಿ ಹೆಚ್ಚಾಕ ಒಂದರೆ ಕೊಡಪಾ," ಎಂದು ಅವ್ವ ಕಾಡಿಸುತ್ತಿದ್ದಳು.

"ಅವು ದುಡಿದು ದಣದಾವ ವೈನಿ, ಕೂಡ್ಲಿ ಬಿಡ್ರಿ."

ನನಗೆ ಚಾಕು ಹಿಡಿಯಲು ಕಲಿಸಿದವನೂ ಅವನೇ. "ಅಂಜಿ ಹಿಡದ್ರ ಜಾರ್ತದ. ಗಟ್ಟ್ಯಾಗಿ ಹಿಡಿ," ಎಂದಿದ್ದ. ನಮ್ಮ ಮನೆಯಲ್ಲಿ ಹುಡುಗಿಯರಿಗೆ ಮೆಲ್ಲಗೆ ಮಾತಾಡು, ಮೆಲ್ಲಗೆ ನಡೆ ಎನ್ನುವವರೇ ಎಲ್ಲರೂ. ಗಟ್ಟಿಯಾಗಿ ಹಿಡಿ ಎಂದವನು ಅವನೊಬ್ಬನೇ.

ಮಹಾನವಮಿಯ ದಿನ ಖಂಡೆಪೂಜೆ, ಅಂದರೆ ಆಯುಧಪೂಜೆ. ಕಾಕಾ ಬಾಗಿಲ ಹೊರಗೆ, ಚಾಳಿನ ಪಡಸಾಲೆಯಲ್ಲಿ ಜಮಖಾನೆ ಹಾಸಿ ಚಾಕುಗಳನ್ನೆಲ್ಲ ಸಾಲಾಗಿ ಇಡುತ್ತಿದ್ದ. ವಿಭೂತಿ, ಕುಂಕುಮ, ಚೆಂಡುಹೂವು, ದೀಪ. ಪಕ್ಕದ ಮನೆಯ ಟೇಲರ್ ಕತ್ತರಿ ತಂದಿಡುತ್ತಿದ್ದ, ಎದುರಿನ ಬಡಗಿ ಉಳಿ. ಪೂಜೆ ಒಳಗೆ ಮಾಡಿದರೆ ಅವರೆಲ್ಲ ಎಲ್ಲಿ ಇಡಬೇಕು ಎನ್ನುವುದು ಅವನ ಲೆಕ್ಕ.

ಚಾಳನ್ನು ಕೆಡವಿದರು. ಅಣ್ಣ ಘೋಡಬಂದರ್ ರಸ್ತೆಯಲ್ಲಿ ಫ್ಲ್ಯಾಟ್ ಕೊಂಡು, ನಿವೃತ್ತನಾಗಿದ್ದ ಕಾಕಾನನ್ನೂ ಕರೆದುಕೊಂಡು ಹೋದ. ಅಲ್ಲಿನ ಮೊದಲ ಮಹಾನವಮಿಗೆ ನಾನೂ ಹೋಗಿದ್ದೆ. ನಾವೆಲ್ಲ ಹೋಳಿಗೆಯ ಗಡಿಬಿಡಿಯಲ್ಲಿದ್ದಾಗ ಕಾಕಾ ಎಂದಿನಂತೆ ಬಾಗಿಲ ಹೊರಗೆ, ಲಿಫ್ಟಿನ ಎದುರು, ಜಮಖಾನೆ ಹಾಸಿ ಪೂಜೆ ಮಾಡಿದ. ನೆರೆಯವರು ತಮ್ಮ ಕತ್ತರಿ ತರಲಿ ಎಂದು ಒಂದು ಬದಿಗೆ ಜಾಗ ಬಿಟ್ಟಿದ್ದ. ಯಾರೋ ಫೋಟೋ ತೆಗೆದು ಫ್ಲ್ಯಾಟಿನವರ ಸೊಸೈಟಿಯ ಗ್ರೂಪಿಗೆ ಹಾಕಿದರು. ಫೋಟೋದಲ್ಲಿ ದೀಪವಿರಲಿಲ್ಲ, ಹೂವಿರಲಿಲ್ಲ. ಕುಂಕುಮ ಹಚ್ಚಿದ ಅಲಗುಗಳಷ್ಟೇ ಇದ್ದವು.

ಪೊಲೀಸರನ್ನು ಕರೆಸಿದರು. ಬಂದ ಹವಾಲ್ದಾರ ನೋಡಿ ನಕ್ಕ. ಬೂಟು ಕಳಚಿ ಕೈಮುಗಿದ. "ಆಜೋಬಾ, ಪೂಜಾ ಘರಾತ ಕರಾ," ಪೂಜೆ ಮನೆಯೊಳಗೆ ಮಾಡಿ ಅಜ್ಜ ಎಂದು ಮರಾಠಿಯಲ್ಲಿ ಹೇಳಿ, ಹೋಳಿಗೆ ತಿಂದು ಹೋದ.

ಪೊಲೀಸರಿಗೆ ಮುಗಿದದ್ದು ಅಣ್ಣನಿಗೆ ಮುಗಿಯಲಿಲ್ಲ. ಸೊಸೈಟಿಯ ಸೆಕ್ರೆಟರಿ "ಬಚ್ಚೇ ಡರ್ ಗಯೇ", ಮಕ್ಕಳು ಹೆದರಿಬಿಟ್ಟವು, ಎಂದದ್ದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಮರುವಾರ ಅತ್ತಿಗೆ ಕಾಕಾನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಾಗ, ಅಣ್ಣ ಚಾಕುಗಳನ್ನೆಲ್ಲ ಚೀಲಕ್ಕೆ ತುಂಬಿ ಖಾಡಿಯ ಹಿನ್ನೀರಿಗೆ ಎಸೆದು ಬಂದ.

ಸುದ್ದಿ ತಿಳಿದು ನಾನು ಹೋದಾಗ ಕಾಕಾ ಖಾಲಿ ಟ್ರಂಕಿನ ಮುಂದೆ ಕೂತಿದ್ದ.

"ನಾವು ಇಲ್ಲಿ ನಾಕು ಮಂದಿ ನಡುವ ಬಾಳೇವು ಮಾಡಬೇಕಲ್ಲ ಕಾಕಾ," ಎನ್ನುತ್ತಿದ್ದ ಅಣ್ಣ.

ಕಾಕಾ ಬೈಯಲಿಲ್ಲ. "ಯಾರಿಗರೆ ಕೊಡಬೇಕಿತ್ತೋ," ಎಂದ. "ಹೆಚ್ಚಿಕೊಂಡು ತಿಂತಿದ್ರು."

ನಾನು ಅಣ್ಣನ ಮೇಲೆ ಕೂಗಾಡಿದೆ. ಈಗಲೂ ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಆಮೇಲೆ ಭಾನುವಾರಗಳಲ್ಲಿ ಕಾಕಾ ಎಣ್ಣೆಯ ಬಟ್ಟೆ ಹಿಡಿದು ಕಿಟಕಿಯ ಸರಳುಗಳನ್ನು ಒರೆಸುತ್ತಿದ್ದ.

ಮುಂದಿನ ಶ್ರಾವಣದಲ್ಲಿ ತೀರಿಕೊಂಡ. ಸೆಕ್ರೆಟರಿ ಹಾರ ತಂದರು. ಬಹಳ ಶಾಂತ ಮನುಷ್ಯ, ಯಾರಿಗೂ ತೊಂದರೆ ಕೊಟ್ಟವರಲ್ಲ ಎಂದರು. ಅಣ್ಣ ಹೌದೆಂದು ತಲೆಯಾಡಿಸಿದ.

ಈಗ ಪ್ರತಿ ಮಹಾನವಮಿಗೆ ಅಣ್ಣ ತನ್ನ ಕಾರನ್ನು ಗೇಟಿನ ಎದುರು ನಿಲ್ಲಿಸಿ, ಚೆಂಡುಹೂವಿನ ಮಾಲೆ ಹಾಕಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ಫೋಟೋವನ್ನು ಅದೇ ಗ್ರೂಪಿಗೆ ಹಾಕುತ್ತಾನೆ. ಇಡೀ ಸೊಸೈಟಿ ಕೈಮುಗಿಯುತ್ತದೆ. ಯಾವ ಮಗುವೂ ಹೆದರಿದ ಸುದ್ದಿ ಇಲ್ಲ.