ಶೇಂಗಾ ಹೊಲದ ಚರಗ

ಹೊಳಿಯಮ್ಮನನ್ನು ಹೆದರಿಸಿ ಕೆಲಸ ಮಾಡಿಸಿಕೊಂಡವರು ಇರಕಲ್ಲಗಡದ ಸುತ್ತಮುತ್ತ ಯಾರೂ ಇಲ್ಲ. ಅವಳಿಂದ ಬೈಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಗಂಡ ಮಾರೆಪ್ಪನ ಜೊತೆ ತುಂಗಭದ್ರೆ ದಾಟಿ, ಬಳ್ಳಾರಿ ಕಡೆಯಿಂದ ನಿಜಾಮರ ಈ ಸೀಮೆಗೆ ಬಂದಾಗ ಅವಳ ತಲೆಯ ಮೇಲೆ ಒಂದು ಗಂಟು, ಕಂಕುಳಲ್ಲಿ ಒಂದು ಕೋಳಿ. ಒಂಬತ್ತು ವರ್ಷ ಇಬ್ಬರೂ ಕಂಡವರ ಹೊಲದಲ್ಲಿ ಕಳೆ ಕಿತ್ತರು, ಬಾವಿ ತೋಡಿದರು, ಗೋಡೆ ಕಟ್ಟಿದರು. ಊರಿಗೆ ಮಾತ್ರ ಅವರಿನ್ನೂ ‘ಹೊಳಿ ಆಚಿಯವರು’. ಇಲ್ಲೇ ಹುಟ್ಟಿದ ಅವರ ಕೂಸು ಸತ್ತಾಗ ಮಣ್ಣಿಗೆ ಬಂದವರೂ ಹಾಗೇ ಕರೆದರು. ಆ ಸಿಟ್ಟು ಅವಳ ಹೊಟ್ಟೆಯಲ್ಲಿ ಆರಲೇ ಇಲ್ಲ. ಯಾಕೆ ಆರಬೇಕು?

1937ರಲ್ಲಿ ಊರಿನ ಕಳಕಪ್ಪಗೌಡರು ನಾಲ್ಕು ಎಕರೆ ಕಲ್ಲುಮಸಾರಿ ಹೊಲವನ್ನು ಅವರಿಗೆ ಗೇಣಿಗೆ ಕೊಟ್ಟರು. ಅಲ್ಲಿ ಹುಲ್ಲು ಹುಟ್ಟುವುದೂ ಕಷ್ಟ, ಅದಕ್ಕೇ ಕೊಟ್ಟರು. ಹೊಳಿಯಮ್ಮ ಬೇಸಿಗೆಯೆಲ್ಲ ಕಲ್ಲು ಆರಿಸಿದಳು. ತವರಿಗೆ ಹೋಗಿ ಶೇಂಗಾ ಬೀಜ ಹೊತ್ತು ತಂದು ಬಿತ್ತಿದಳು. ಆ ಊರಲ್ಲಿ ಅದುವರೆಗೆ ಯಾರೂ ಶೇಂಗಾ ಬಿತ್ತಿರಲಿಲ್ಲ. ಮಳೆ ಹಿಡಿದು ಹೊಲ ಹಸಿರಾಯಿತು. ಅದೇ ಹೊತ್ತಿಗೆ ಊರವರ ಸಜ್ಜೆಗೆ ಹುಳ ಬಿತ್ತು. ಇನ್ನೇನು ಬೇಕು! ಹುಳ ತಂದದ್ದು ಶೇಂಗಾವೇ ಎಂದು ಚಾವಡಿಯಲ್ಲಿ ನ್ಯಾಯ ತೀರಿಯೇಬಿಟ್ಟಿತು.

“ಪರದೇಶಿ ಬೆಳಿ ಅದು,” ಎಂದರು ಗೌಡರು. “ಮ್ಯಾಲ ಹೂವು ತೋರಸ್ತೈತಿ, ಕಾಯಿ ಮಣ್ಣಾಗ ಮುಚ್ಚಿ ಇಡ್ತೈತಿ. ಬಿತ್ತಿದವ್ರೂ ಅಂಥವ್ರ. ಇವತ್ತ ನಾಕ ಎಕರೆ, ನಾಳೆ ಊರ ತುಂಬ ಅದ, ಅವ್ರ. ಸೀಗಿ ಹುಣ್ಣಿವಿಯೊಳಗ ಕಿತ್ತು ಒಗಿ. ಇಲ್ಲಂದ್ರ ನಾನ ಆಳು ಹಚ್ಚಿ ಕೀಳಸ್ತೀನಿ. ಆಮ್ಯಾಲ ನೀವು ಊರಾಗೂ ಇರಬ್ಯಾಡ್ರಿ.”

“ನಿಮ್ಮ ಸೊಸಿ ಎಲ್ಲಿಯಾಕಿರಿ ಗೌಡ್ರ?” ಹೊಳಿಯಮ್ಮ ಕೇಳಿದಳು. “ಆಕಿನೂ ಹೊಳಿ ಆಚಿಯಾಕಿ ಅಲ್ಲೇನ್ರಿ?”

“ಆಕಿನ್ನ ನಾವು ಕರಕೊಂಡು ಬಂದೀವಿ. ನೀವು ನೀವಾಗೇ ಬಂದೀರಿ.”

“ಹೌದ್ರಿ, ನಾವಾಗೇ ಬಂದೀವಿ. ಹೊಟ್ಟಿ ಹಸದಿತ್ತು, ಕಾಲು ಗಟ್ಟಿ ಇದ್ದುವು, ಬಂದೀವಿ. ಕದ್ದು ಬಂದಿಲ್ಲ. ನಾ ಕೀಳೂದಿಲ್ಲ!”

ಗೌಡರ ಹಿತ್ತಲಿನ ಮೆಣಸಿನಕಾಯಿ ಗಿಡವೂ ಒಂದು ಕಾಲಕ್ಕೆ ಸಮುದ್ರ ದಾಟಿ ಬಂದದ್ದೇ. ಆದರೆ ಅದನ್ನು ಅವರ ಮುತ್ತಜ್ಜ ಬೆಳೆದಿದ್ದ, ಆದ್ದರಿಂದ ಅದು ನಮ್ಮದು. ಎಂಥ ಲೆಕ್ಕ ನೋಡಿ!

ಸೀಗಿ ಹುಣ್ಣಿಮೆಗೆ ಬೆಳೆದು ನಿಂತ ಪೈರು ಬಸುರಿ. ಅದರ ಬಯಕೆ ತೀರಿಸಲು ಬುತ್ತಿ ಹೊತ್ತು ಹೋಗಿ, ಐದು ಕಲ್ಲಿಟ್ಟು ಭೂಮಿತಾಯಿಯನ್ನು ಪೂಜಿಸಿ, ಹೊಲದ ತುಂಬ ಅನ್ನದ ಚರಗ ಚೆಲ್ಲುತ್ತಾರೆ. ಚೆಲ್ಲುವವರು ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು, ಇನ್ನೊಬ್ಬರು ‘ಸಲಾಂಬ್ರಿಗೋ’ ಎಂದು ಓಗೊಡಬೇಕು. ಓಗೊಟ್ಟರೇ ಚರಗ ಮುಟ್ಟಿದಂತೆ ಎಂಬುದು ಆ ಊರಿನ ನಂಬಿಕೆ. ಚರಗ ಉಂಡ ಬೆಳೆಯನ್ನು ಸುಗ್ಗಿಗೆ ಮುಂಚೆ ಕಿತ್ತರೆ ಬಸುರಿಯನ್ನು ಬಡಿದ ಪಾಪ. ಹೊಳಿಯಮ್ಮನಿಗೆ ಉಳಿದದ್ದು ಇದೊಂದೇ ದಾರಿ. ಗೌಡರೇನು ದಡ್ಡರೆ? ಹುಣ್ಣಿಮೆಯ ಬೆಳಿಗ್ಗೆಯೇ ಮಾರೆಪ್ಪನನ್ನು ಚಾವಡಿಗೆ ಕರೆಸಿ ಕೂಡಿಸಿಟ್ಟರು.

ಅವಳು ಒಬ್ಬಳೇ ಹೋದಳು. ಕಲ್ಲಿಗೆ ಸುಣ್ಣ ಹಚ್ಚಿ, ಸಜ್ಜೆರೊಟ್ಟಿ, ಪುಂಡಿಪಲ್ಲೆ, ಮೊಸರನ್ನ ಎಡೆ ಇಟ್ಟು ಏಳುವಷ್ಟರಲ್ಲಿ ಗೌಡರು ಕುಡುಗೋಲು ಹಿಡಿದ ಮೂರು ಆಳುಗಳೊಂದಿಗೆ ಬದುವಿನ ಮೇಲೆ ನಿಂತಿದ್ದರು. ಆಳುಗಳಲ್ಲಿ ಹಿರಿಯನಾದ ಸಣ್ಣಪ್ಪ ಹಿಂದೆ ಮುಂದೆ ನೋಡಿದ.

“ಆಕಿ ಚರಗ ಚೆಲ್ಲಾಕತ್ಯಾಳ್ರಿ ಗೌಡ್ರ.”

“ಚೆಲ್ಲಲಿ ಬಿಡೋ. ಓಗೊಡಾಕ ಯಾರದಾರ ಆಕಿಗೆ? ಮೂರು ಸಲ ಕೂಗ್ಲಿ, ಆಮ್ಯಾಲ ಕೀಳ್ರಿ.”

ಹೊಳಿಯಮ್ಮ ಒಂದು ಹಿಡಿ ಅನ್ನ ಎರಚಿ ಕೂಗಿದಳು: “ಹುಲ್ಲುಲ್ಲಿಗೋ!”

ಸುತ್ತಲಿನ ಹೊಲಗಳಲ್ಲಿ ಕೂಗಿಗೆ ಕೂಗು ಕೂಡುತ್ತಿತ್ತು. ಇಲ್ಲಿ ಆಳುಗಳು ನೆಲ ನೋಡುತ್ತ ನಿಂತರು. ಎರಡನೆಯ ಸಲ ಕೂಗಿದಾಗ ಅವಳ ಕಣ್ಣಲ್ಲಿ ನೀರು ಬಂತು. ಅದು ಅಳುವಲ್ಲ, ಉರಿ. ಇನ್ನೊಂದು ಕೂಗು ಹೋದರೆ ಬೆಳೆಯೂ ಇಲ್ಲ, ಊರೂ ಇಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೌಡರ ಎದುರಿಗೇ ತಿರುಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು.

“ಹುಲ್ಲುಲ್ಲಿಗೋ!”

“ಸಲಾಂಬ್ರಿಗೋ!”

ಓಗೊಟ್ಟವರು ಗೌಡರು. ಐವತ್ತು ವರ್ಷ ಹೊಲದಲ್ಲಿ ನಿಂತು ಪಳಗಿದ ಬಾಯಿ ಅದು, ಯಜಮಾನನನ್ನು ಕೇಳದೆ ತನ್ನ ಕೆಲಸ ಮಾಡಿತ್ತು. ಗೌಡರು ಬಾಯಿಗೆ ಕೈ ಒಯ್ದರು. ಸಣ್ಣಪ್ಪ ಕುಡುಗೋಲು ಕೆಳಗಿಟ್ಟ.

“ಆತಲ್ರಿ ಗೌಡ್ರ. ಇನ್ನ ನಮ್ಮ ಕೈಲೆ ಆಗೂದಿಲ್ರಿ.”

“ಏ, ಬಾಯಿ ತಪ್ಪಿ ಬಂತೋ! ಅದು ಲೆಕ್ಕಕ್ಕಿಲ್ಲ!”

ಹೊಳಿಯಮ್ಮ ಚರಗದ ಬುಟ್ಟಿ ಹಿಡಿದುಕೊಂಡೇ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಸುಣ್ಣ ಹಚ್ಚಿದ ಐದು ಕಲ್ಲುಗಳಿದ್ದವು.

“ನನ್ನ ಮುಂದ್ಯಾಕ ಹೇಳ್ತೀರಿ?” ಎಂದಳು. “ಭೂಮಿತಾಯಿ ಕೇಳ್ಯಾಳ. ಬರ್ರಿ, ಆಕಿ ಮುಂದ ಬಂದು ಹೇಳ್ರಿ, ಲೆಕ್ಕಕ್ಕಿಲ್ಲ ಅಂತ.”

ಗೌಡರು ಕಲ್ಲುಗಳನ್ನು ನೋಡಿದರು. ಆಳುಗಳು ಗೌಡರನ್ನು ನೋಡಿದರು. ಗೌಡರು ಒಂದು ಹೆಜ್ಜೆ ಮುಂದಿಟ್ಟು, ಕಾಲಿನ ಚಪ್ಪಲಿ ಬಿಟ್ಟು, ಆ ಕಲ್ಲುಗಳಿಗೆ ಕೈ ಮುಗಿದು ನಿಂತರು.